ಮೊಣಕೈ ಎತ್ತರದ ರೈಲು

ಉರಿ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ, ಬಿಸಿಲಲ್ಲಿ ಸ್ಪಿರಿಟ್ಟಿನ ಉರಿ ಕಣ್ಣಿಗೆ ಬೀಳುವುದೇ ಇಲ್ಲ, ಬಾಯ್ಲರಿನ ಹೊಟ್ಟೆಯ ಕೆಳಗೆ ಗಾಳಿ ಮಾತ್ರ ನಡುಗುತ್ತಿದೆ, ಬೆರಳು ಹತ್ತಿರ ಒಯ್ದರೆ ಚುರ್ ಎನ್ನುತ್ತದೆ — ಇದೆ, ಉರಿ ಇದೆ, ಕಾಯಬೇಕು ಅಷ್ಟೇ, ಹಿತ್ತಿಲ ಸೀಬೆ ಮರದ ನೆರಳು ಹಲಗೆಯ ಮೇಲೆ ಸರಿದು ಹಳಿಯನ್ನು ಅರ್ಧ ಕಪ್ಪು ಅರ್ಧ ಬಿಳಿ ಮಾಡಿದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ ಗೆಳೆಯ ಚೆಲುವಯ್ಯ ಎಲೆಗೆ ಸುಣ್ಣ ಸವರುತ್ತಾ, ಏನ್ಲಾ ಜಬ್ಬಾರ, ಟೀ ಕಾಸಕ್ಕೂ ಇಷ್ಟೊತ್ತು ಬೇಡ ಕಣ್ಲಾ ಎನ್ನುತ್ತಾನೆ, ಅವನಿಗೇನು, ಹಸುವಿನ ಹಾಲು ಕರೆಯುವವನು, ಹಬೆಯ ಸ್ವಭಾವ ಅವನಿಗೆ ತಿಳಿಯದು, ರಾಮನಗರದ ರೇಷ್ಮೆ ನೂಲು ತೆಗೆಯುವ ಫಿಲೇಚರುಗಳಲ್ಲಿ ನಾನು ರಿಪೇರಿ ಮಾಡುವ ಬಾಯ್ಲರುಗಳು ಎಮ್ಮೆಯಷ್ಟು ದಪ್ಪ, ಗೂಡು ಬೇಯುವ ಹಬೆಗೆ ಇಡೀ ಶೆಡ್ಡು ಹುಳುವಿನ ವಾಸನೆ, ಸಂಜೆ ಚನ್ನಪಟ್ಟಣಕ್ಕೆ ವಾಪಸು ಬರುವಾಗ ರೈಲಿನಲ್ಲಿ ಜನ ನನ್ನ ಪಕ್ಕದ ಸೀಟು ಬಿಟ್ಟು ಕೂರುತ್ತಾರೆ, ಈ ಪುಟ್ಟ ರೈಲು ಎಂಜಿನ್ನಿನ ಬಾಯ್ಲರು ನೀರು ಕುಡಿಯುವ ಲೋಟದಷ್ಟು, ತಾಮ್ರದ ಪೈಪಿನ ತುಂಡು, ಎರಡು ಕಡೆ ಮುಚ್ಚಳ, ಬೆಳ್ಳಿಯ ಬೆಸುಗೆ, ಆದರೂ ಅದಕ್ಕೂ ಇದಕ್ಕೂ ಗುಣ ಒಂದೇ, ಅವಸರಪಡಿಸಿದರೆ ಎರಡೂ ಮುನಿಯುತ್ತವೆ, ಅಡುಗೆಮನೆಯ ಕಿಟಕಿಯ ಜಾಲರಿಯ ಹಿಂದೆ ನನ್ನ ಹೆಂಡತಿ ಫಿರೋಜಾ ಅವರೆಕಾಯಿ ಬಿಡಿಸುತ್ತಿದ್ದಾಳೆ, ತಲೆ ಎತ್ತುತ್ತಿಲ್ಲ, ಬಿಡಿಸಿದ ಕಾಳು ತಟ್ಟೆಗೆ ಬೀಳುವ ಸದ್ದೂ ಇಲ್ಲ, ಅಂದರೆ ನೋಡುತ್ತಿದ್ದಾಳೆ, ನೋಡಲಿ, ನೋಡದಿರಲಿ, ನೀರು ಕಾಯುತ್ತಿದೆ.

ಯಾರದೋ ಮದುವೆಯ ಮನೆಗೆ ಹೊರಟಿದ್ದಳು ಫಿರೋಜಾ, ಸಾತನೂರಿನ ಆಚೆ ಆಟೋ ಮಗುಚಿತು, ಅವಳಿಗಾಗಿ ನಾನು ಹೊಲಿಸಿದ್ದ ಹಸಿರು ಬುರ್ಖಾ ಮಣ್ಣಾಗಿತ್ತು ಎಂದು ಯಾರೋ ಹೇಳಿದರು, ಮಣ್ಣಿನ ಮಾತು ಯಾಕೆ ಹೇಳಿದರೋ, ಬೆನ್ನುಮೂಳೆಯ ಮಾತು ಹೇಳಲು ಬಾಯಿ ಬರಲಿಲ್ಲವೇನೋ, ಆಸ್ಪತ್ರೆಯಿಂದ ಬಂದವಳು ಗಾಲಿಕುರ್ಚಿಯಲ್ಲಿ ಬಂದಳು, ಬಂದವಳು ಮೊದಲು ಹೇಳಿದ್ದೇ ಲೇತಿನ ಮೇಲೆ ಒಂದು ದುಪ್ಪಟಿ ಹಾಕಿಬಿಡಿ ಎಂದು, ಗೊಂಬೆ ಮಾಡುವ ಅವಳ ಲೇತು ನೆಲದ ಮೇಲಿನದು, ಚಕ್ಕಂಬಕ್ಕಳ ಹಾಕಿ ಕೂತು ಹಾಲೆ ಮರದ ತುಂಡು ತಿರುಗಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅದು ಕರಗಿ ಬಣ್ಣ ಹರಡುವುದು, ಮೇಲೆ ತಾಳೆಗರಿ ಹಿಡಿದರೆ ಕನ್ನಡಿಯಂಥ ಹೊಳಪು, ಮದುವೆಯಾದ ಹೊಸದರಲ್ಲಿ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅರಿಶಿನ, ಮೇಲೆ ಕೆಂಪು, ನಡುವೆ ಕೂದಲೆಳೆಯಷ್ಟು ಹಸಿರು, ಈಗ ಆ ಕೋಣೆಯ ಬಾಗಿಲನ್ನೇ ಅವಳು ತೆಗೆಯಲು ಬಿಡುವುದಿಲ್ಲ, ಹಿತ್ತಿಲಿಗೂ ಬರುವುದಿಲ್ಲ, ಅಡುಗೆಮನೆ, ಮಂಚ, ಕಿಟಕಿ, ಅಷ್ಟೇ ಅವಳ ಊರು. ಎಂಜಿನ್ನನ್ನು ನಾನು ಸುಮ್ಮನೆ ಮಾಡತೊಡಗಿದ್ದು, ಕೈ ಸುಮ್ಮನಿರದೆ, ಫಿಲೇಚರಿನ ಹಳೆ ವಾಲ್ವು, ಹಿತ್ತಾಳೆ ಚೂರು, ಸೈಕಲ್ ಕಡ್ಡಿ, ಒಂದು ಮಧ್ಯಾಹ್ನ ಅದು ಮೇಜಿನ ಮೇಲೆ ಚಕ್ರ ಎತ್ತಿಕೊಂಡು ಹಬೆಯಲ್ಲಿ ಗರಗರ ತಿರುಗಿದಾಗ ಅವಳು ಕುರ್ಚಿ ಉರುಳಿಸಿಕೊಂಡು ಬಂದು, ಇದು ಓಡೋದು ಎಲ್ಲಿ ಎಂದಳು, ಎಲ್ಲಿ ಅಂದ್ರೆ, ನೆಲದ ಮೇಲೆ ಹಳಿ ಹಾಕ್ತೀನಿ ಎಂದೆ, ಅವಳು ಸ್ವಲ್ಪ ಹೊತ್ತು ಆ ಚಕ್ರ ನೋಡಿ, ನೆಲ ನಂಗೆ ಸಿಗಲ್ಲವಲ್ಲ ಎಂದು ಕುರ್ಚಿ ತಿರುಗಿಸಿಕೊಂಡು ಹೋದಳು, ಕೋಪವಿರಲಿಲ್ಲ ಆ ಮಾತಲ್ಲಿ, ಬಕೆಟ್ಟಲ್ಲಿ ನೀರಿಲ್ಲ ಎನ್ನುವ ಹಾಗೆ ಹೇಳಿದಳು, ಆವತ್ತಿಂದ ನನಗೆ ನೆಲ ಎಂದರೇ ಸಿಟ್ಟು.

ಹಾಗಾದರೆ ನೆಲವನ್ನೇ ಕುರ್ಚಿಯಲ್ಲಿ ಕೂತವಳ ಮೊಣಕೈವರೆಗೆ ಎತ್ತಬೇಕು, ಇಷ್ಟೇ ಯೋಚನೆ, ಹೇಳಿದರೆ ಚೆಲುವಯ್ಯ ನಕ್ಕ, ದೊಡ್ಡಮಳೂರಿನ ಅವನ ತೋಟದಲ್ಲಿ ಹಳೆ ಬೇಲಿಯ ಕಲ್ಲುಕಂಬ ಬಿದ್ದಿದ್ದವು, ತಗಂಡೋಗ್ಲಾ, ಹಾವು ಮನೆ ಮಾಡ್ಕಂಡವೆ ಅದರಡೀಲಿ ಎಂದ, ಟ್ರ್ಯಾಕ್ಟರಿನಲ್ಲಿ ಅವನೇ ತಂದು ಹಾಕಿದ, ಗುಂಡಿ ತೋಡಿದೆವು, ಕಂಬ ನೆಟ್ಟೆವು, ಹಿತ್ತಿಲ ಸುತ್ತ ಮೊಟ್ಟೆಯಾಕಾರದಲ್ಲಿ, ನಡುವೆ ಸೀಬೆ ಮರ, ಗಾರೆಯವರ ಹಾಗೆ ನೀರು ತುಂಬಿದ ಪೈಪಿನ ಒಂದು ತುದಿ ಅವನ ಕೈಯಲ್ಲಿ ಇನ್ನೊಂದು ನನ್ನ ಕೈಯಲ್ಲಿ, ಎರಡು ಕಡೆ ನೀರು ಒಂದೇ ಗೆರೆಗೆ ನಿಂತರೆ ಮಟ್ಟ, ಒಸಿ ಮೇಲಕ್ಕೆ, ಒಸಿ ಕೆಳಕ್ಕೆ, ಅಯ್ಯೋ ಗುಳ್ಳೆ ಬಂತು ಕಣ್ಲಾ, ಯಾಕೆಂದರೆ ಇಷ್ಟು ಸಣ್ಣ ಎಂಜಿನ್ನಿಗೆ ಬೆರಳಗಲದ ಏರೂ ಬೆಟ್ಟ, ಇಳಿತದಲ್ಲಿ ಓಡಿ ತಿರುವಿನಲ್ಲಿ ಹಾರಿಬೀಳುತ್ತದೆ, ಕಂಬದ ಮೇಲೆ ನೀಲಗಿರಿ ಹಲಗೆ, ಹಲಗೆಯ ಮೇಲೆ ಅಲ್ಯೂಮಿನಿಯಂ ಪಟ್ಟಿಯ ಹಳಿ, ಬಾಗಿಸಿ ಬಾಗಿಸಿ ಕೈ ಬೊಬ್ಬೆ, ಕೆಳಗೆ ಕುರ್ಚಿ ಉರುಳಲೆಂದು ಕಡಪ ಕಲ್ಲು, ಅಡುಗೆಮನೆ ಬಾಗಿಲಿಗೆ ಸಿಮೆಂಟಿನ ಇಳಿಜಾರು, ಅವಳು ಕಿಟಕಿಯಿಂದ ಎಲ್ಲವನ್ನೂ ಕಂಡಳು, ಒಂದು ದಿನ ಸಿಡಿದಳು, ಮನೆಯಲ್ಲಿ ನಾವು ಉರ್ದು ಆಡುವವರು, ಕೋಪ ಬಂದರೆ ಮಾತ್ರ ಅವಳಿಗೆ ಕನ್ನಡ, ನಾನೇನು ಮಗುನಾ, ಕೈಗೊಂದು ಆಟದ ಸಾಮಾನು ಕೊಟ್ಟು ಸುಮ್ಮನಾಗ್ಸಕ್ಕೆ, ಜನ್ಮ ಪೂರ್ತಿ ಆಟದ ಸಾಮಾನು ಮಾಡಿದೋಳು ನಾನು, ಆಡೋಳಲ್ಲ ಎಂದಳು, ನಾನು ಸ್ಪಾನರಿನಿಂದ ನಟ್ಟು ಬಿಗಿಯುತ್ತಲೇ, ನಿಂಗಲ್ಲ, ನಂಗೆ ಎಂದೆ, ಸುಳ್ಳು, ಪೂರ್ತಿ ಸುಳ್ಳೂ ಅಲ್ಲ, ಅವಳು ಕಿಟಕಿ ಹಾಕಿಕೊಂಡಳು, ಮೂರು ಬೋಗಿಗಳನ್ನು ಪೇಟೆಯಲ್ಲಿ ಯಾರ ಲೇತಿನಲ್ಲೋ ಮಾಡಿಸಿ ತಂದೆ, ಬಣ್ಣ ಹಾಕಿಸಲಿಲ್ಲ, ಬೇರೆಯವರ ಬಣ್ಣ ಈ ಹಿತ್ತಿಲಿಗೆ ಬೇಡ ಅನ್ನಿಸಿತು, ಬಿಳಿ ಮರವಾಗಿಯೇ ಇವೆ, ಹಲ್ಲು ಬಾರದ ಮಕ್ಕಳ ಹಾಗೆ. ಆಮೇಲೆ ಒಂದು ದಿನ ಅವಳು ಮಲಗಿದ್ದಾಗ ಖಾಲಿ ಗಾಲಿಕುರ್ಚಿ ತಂದು ನಾನೇ ಕೂತು ಹಲಗೆಯ ಕೆಳಗೆ ತೂರಿಸಿ ನೋಡಿದೆ, ಮಂಡಿ ಕಂಬಕ್ಕೆ ಢಬ್ ಎಂದು ತಾಗಿತು, ಯಾ ಅಲ್ಲಾ, ಎತ್ತರ ಅಳೆದವನು ಮಂಡಿ ಅಳೆದಿಲ್ಲ, ಕಂಬಗಳೆಲ್ಲ ಹಲಗೆಯ ಹೊರ ಅಂಚಿಗಿವೆ, ಅವಳು ಬಂದರೂ ಕೈ ಹಳಿಗೆ ಎಟುಕದು, ಚೆಲುವಯ್ಯನಿಗೆ ಹೇಳಲು ನಾಚಿಕೆ, ಹೇಳಿದೆ, ಅವನು ಬಯ್ಯಲಿಲ್ಲ, ಸರಿ, ಕಿತ್ತಾಕು, ಒಳಕ್ಕೆ ನೆಡಾನ ಎಂದ, ಎಲ್ಲ ಕಿತ್ತೆವು, ಮತ್ತೆ ಗುಂಡಿ, ಮತ್ತೆ ಪೈಪು, ಮತ್ತೆ ಗುಳ್ಳೆ.

ಸೇಫ್ಟಿ ವಾಲ್ವು ಸಿಳ್ಳೆ ಹಾಕಿತು — ಸಣ್ಣ ಸಿಳ್ಳೆ, ಬಿಳಿ ದಾರದಂಥ ಹಬೆ, ಚೆಲುವಯ್ಯ ಎದ್ದು ನಿಂತ, ನಾನು ಹಲಗೆಯ ಸುತ್ತಿನ ಒಳಗೆ, ಮರದ ಬುಡದಲ್ಲಿ, ಹಬೆಯ ಕೀಲು ತಿರುಗಿಸುತ್ತೇನೆ, ಎಂಜಿನ್ನು ಒಮ್ಮೆ ನಡುಗಿ ನಿಲ್ಲುತ್ತದೆ, ಗೊತ್ತು, ತಣ್ಣನೆ ಸಿಲಿಂಡರಿನಲ್ಲಿ ಹಬೆ ನೀರಾಗಿರುತ್ತದೆ, ನೀರು ಉಗುಳಿದರೇ ಓಟ, ಕೈಯಿಂದ ಮುಂದೆ ನೂಕಿದೆ, ಚಿಮಣಿಯಿಂದ ಬಿಸಿನೀರು ಪಿಚಕ್ಕನೆ ಹಾರಿ ಚೆಲುವಯ್ಯನ ಬಿಳಿ ಅಂಗಿಗೆ, ಥೂ ನಿನ್ನ ಎನ್ನುವಷ್ಟರಲ್ಲಿ ಅದು ಹೊರಟಿತು, ಚಫ್ ಚಫ್, ಚಕ್ರಕ್ಕೆ ಹಿಡಿತ ಸಿಕ್ಕಿತು, ಮೂರು ಬಿಳಿ ಬೋಗಿ ಹಿಂದೆ, ಮೊದಲ ತಿರುವು ದಾಟಿತು, ಒಗೆಯುವ ಕಲ್ಲಿನ ಬದಿ ದಾಟಿತು, ಅಡುಗೆಮನೆಯ ಕಡೆಗಿನ ತಿರುವಿನಲ್ಲಿ ನಿಧಾನ, ಇನ್ನೂ ನಿಧಾನ, ನಿಂತಿತು, ಮತ್ತೆ ನೀರು ಕಟ್ಟಿರಬೇಕು, ಕೀಲು ತೆರೆದೇ ಇದೆ, ಹೀಗೆ ನಿಂತರೆ ಹಬೆ ಸುಮ್ಮನೆ ಸೋರಿ ಹೋಗುತ್ತದೆ, ಬಾಯ್ಲರಿನ ನೀರು ಮುಗಿದರೆ ಉರಿಗೆ ಬೆಸುಗೆ ಸುಟ್ಟು ಕರಗುತ್ತದೆ, ಮಾಡಿದ್ದೆಲ್ಲ ಹೋಯಿತು, ಓಡು, ಬಗ್ಗಿ ಹಲಗೆಯ ಕೆಳಗೆ ನುಸುಳಲು ಹೋಗಿ ಹಣೆ ಹಲಗೆಗೆ ಬಡಿದು ಕಣ್ಣಲ್ಲಿ ನೀರು, ನೆಲದ ಮೇಲೆ ಕೂತುಬಿಟ್ಟೆ, ಕೂತಲ್ಲಿಂದಲೇ ಕೇಳಿದ್ದು, ಕಡಪ ಕಲ್ಲಿನ ಮೇಲೆ ರಬ್ಬರು ಗಾಲಿಯ ಸದ್ದು, ಚೆಲುವಯ್ಯನೇ ಬಂದನೇ ಎಂದುಕೊಂಡೆ, ಅವನಿಗೆಲ್ಲಿಯ ಗಾಲಿ, ಫಿರೋಜಾ, ಇಳಿಜಾರು ಇಳಿದು ಬಂದಿದ್ದಾಳೆ, ಮಡಿಲಿಂದ ಅವರೆ ಸಿಪ್ಪೆ ಉದುರುತ್ತಿವೆ, ಮುಟ್ಬೇಡ ಸುಡ್ತದೆ ಎಂದು ಕೂಗಿದೆ, ಬಿಸಿ ಅರಗಿನಾಗೆ ಬೆಳೆದ ಕೈ ಕಣ್ರೀ ಇದು ಎಂದಳು, ಎಂಜಿನ್ನು ಮುಟ್ಟಲಿಲ್ಲ, ಜಾಣೆ, ಕೊನೆಯ ಬೋಗಿಗೆ ಬೆರಳು ಕೊಟ್ಟು ಮೆತ್ತಗೆ ನೂಕಿದಳು, ಅಂಟಿಕೊಂಡ ಚಕ್ರ ಬಿಡಲಿಲ್ಲ, ಮತ್ತೆ ನೂಕಿದಳು, ಪಿಚಕ್, ಅವಳ ತೋಳಿಗೆ ಎಣ್ಣೆ ಬೆರೆತ ನೀರು, ಹಬೆ ಅವಳ ಮುಖವನ್ನು ಮುಚ್ಚಿತು, ಹಬೆಯೊಳಗಿಂದ ನಗು, ನಗುವೇ ಅದು, ಎಷ್ಟು ದಿನಕ್ಕೆ, ರೈಲು ಹೊರಟಿತು.

ಒಂದು ಸುತ್ತು, ಇನ್ನೊಂದು, ಅವಳು ಕುರ್ಚಿ ಉರುಳಿಸಿಕೊಂಡು ಅದರ ಜೊತೆ ಬರುತ್ತಾಳೆ, ತಿರುವಿಗೆ ಮುಂಚೆ ಕೀಲು ಚೂರು ಬಿಗಿಮಾಡುತ್ತಾಳೆ, ಹೇಳಿಕೊಡದೆ ಹೇಗೆ ತಿಳಿಯಿತು, ಕಿಟಕಿಯಿಂದ ಕಲಿತಿರಬೇಕು, ಮಂಡಿ ಎಲ್ಲೂ ತಾಗುತ್ತಿಲ್ಲ, ನಾನು ಅದನ್ನೇ ನೋಡುತ್ತಿದ್ದೇನೆ, ಮಂಡಿ, ಕಂಬ, ಮಂಡಿ, ಕಂಬ, ತಾಗುತ್ತಿಲ್ಲ, ಉರಿ ಆರಿ ಎಂಜಿನ್ನು ಅವಳ ಮುಂದೆಯೇ ಬಂದು ನಿಂತಾಗ ಅವಳು ಬಿಳಿ ಬೋಗಿಯನ್ನು ಎತ್ತಿ ಉಗುರಿನಿಂದ ಕೆರೆದು, ಮರ ಸರಿಯಾಗಿ ಒಣಗಿಲ್ಲ, ಯಾರು ತಿರುಗ್ಸಿದ್ದು ಇದನ್ನ ಎಂದಳು, ನಾನು ಉತ್ತರಿಸುವ ಮೊದಲೇ, ಚೆಲುವಣ್ಣ, ನಿಮ್ ತೋಟದಾಗೆ ಇನ್ನೂ ಕಲ್ಲುಕಂಬ ಅವಾ ಎಂದು ಕೇಳಿದಳು, ಅವ್ವಾ, ಬೇಕಾದಷ್ಟು ಅವೆ, ಯಾಕೆ, ಇನ್ನೊಂದು ಟೇಷನ್ ಕಟ್ಟೀಯಾ ಎಂದ ಅವನು, ಲೇತಿಗೆ ಎಂದಳು. ಲೇತಿಗೆ, ಅಂದರೆ ನೆಲದಿಂದ ಎತ್ತಬೇಕು, ಮೋಟಾರು ಎಲ್ಲಿ ಕೂರಿಸುವುದು, ಬೆಲ್ಟು ಎಷ್ಟು ಉದ್ದ, ಕಾಲಲ್ಲಿ ಒತ್ತುವ ಸ್ವಿಚ್ಚನ್ನು ಕೈಗೆ ತರಬೇಕು, ಈ ಹಲಗೆಯ ಎತ್ತರಕ್ಕೇ ಇಡ್ತೀನಿ ಎಂದೆ, ಅಲ್ಲ, ಎಂದಳು, ಅರಗು ಒತ್ತಕ್ಕೆ ಮೇಲಿಂದ ಭಾರ ಬೀಳ್ಬೇಕು, ಒಸಿ ಕೆಳಗೆ, ಇಲ್ಲಿಗೆ, ನೋಡಿ, ಎಂದು ಎತ್ತರ ತೋರಿಸಲು ಅಂಗೈ ಚಾಚಿದಳು, ಮೋಟಾರು, ಬೆಲ್ಟು, ಸ್ವಿಚ್ಚು, ಯೋಚನೆ ಮುಂದಕ್ಕೆ ಹೋಗುತ್ತಿಲ್ಲ, ಅಳತೆಪಟ್ಟಿ ತರಲು ಏಳಬೇಕು, ಏಳುತ್ತಿಲ್ಲ, ಆ ಅಂಗೈ, ಎಣ್ಣೆ ಮಸಿ ಮೆತ್ತಿದ ಅಂಗೈ, ಬೆರಳ ತುದಿಯಿಂದ ಹಬೆಯ ನೀರು ತೊಟ್ಟಿಕ್ಕುತ್ತಾ, ಅವಳ ಮಡಿಲ ಮೇಲೆ, ಬರಿಯ ಗಾಳಿಯಲ್ಲಿ, ಇಲ್ಲಿಗೆ ಎಂದು, ಅಲುಗದೆ, ಆ ಅಂಗೈ —