ಮೂರೆಲೆಯ ದೈವ

ನನಗೆ ಗಿಡಮೂಲಿಕೆಗಳ ಬಗ್ಗೆ ಏನೂ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಊರಿನಲ್ಲಿ ಯಾರೂ ಇದನ್ನು ನಂಬುವುದಿಲ್ಲ. ನಾನು ಬೆಳೆದದ್ದು ಮಂಗಳೂರಿನ ಹಂಪನಕಟ್ಟೆಯ ಹತ್ತಿರ, ಬ್ಯಾಂಕ್ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ. ಮನೆಯಲ್ಲಿದ್ದ ಹಸಿರೆಂದರೆ ಡಬ್ಬದಲ್ಲಿ ನೆಟ್ಟ ಒಂದು ತುಳಸಿ ಮಾತ್ರ. ನೆಗಡಿಯಾದರೆ ಮೆಡಿಕಲ್ ಶಾಪಿನ ಗುಳಿಗೆ, ತಲೆಗೆ ಅಂಗಡಿಯ ಶಾಂಪೂ. ಆಮೇಲೆ ಎಂಜಿನಿಯರಿಂಗ್ ಓದಿ, ಮದುವೆಯಾಗಿ, ಅಮೆರಿಕದ ಸನಿವೇಲಿಗೆ ಬಂದು ಕಾಲು ಶತಮಾನ ಚಿಪ್‌ಗಳ ಟೆಸ್ಟಿಂಗ್ ಮಾಡಿದೆ. ಚಿಪ್ ಯಾಕೆ ಬಿಸಿಯಾಗುತ್ತದೆ ಎಂದು ಕೇಳಿ, ಹೇಳುತ್ತೇನೆ. ಕಷಾಯಕ್ಕೆ ಏನು ಹಾಕುತ್ತಾರೆ ಎಂದು ಕೇಳಿದರೆ ನಾನೂ ಫೋನಿನಲ್ಲೇ ಹುಡುಕಬೇಕು.

ಆದರೆ ನನ್ನ ಮಗಳು ಆಶ್ರಿತಾಳ ಗೆಳತಿ ದೀಪಾಲಿ ನನ್ನ ಮುಖ ನೋಡಿದ ದಿನವೇ ನನ್ನೊಳಗೆ ಒಂದು ನಿಧಿ ಹೂತಿದೆ ಎಂದು ತೀರ್ಮಾನಿಸಿಬಿಟ್ಟಿದ್ದಳು. ದೀಪಾಲಿಯ ಗಂಡ ಶಶಿಧರ ಹುಬ್ಬಳ್ಳಿಯವನು. ಹತ್ತಿರದ ಸರಟೋಗಾದ ಗುಡ್ಡದ ಮೇಲೆ ಮನೆ, ಹಿತ್ತಲಿನ ಬೇಲಿ ದಾಟಿದರೆ ಕಾಡು. ಶಶಿಧರ ಮೆನ್ಲೋ ಪಾರ್ಕಿನ ಯಾವುದೋ ಕಂಪನಿಯಲ್ಲಿ ಮ್ಯಾನೇಜರನಾಗಿದ್ದವನು. ಹೋದ ವರ್ಷ ಕೆಲಸ ಬಿಟ್ಟ, ಗಡ್ಡ ಬಿಟ್ಟ, ಮನೆಯೊಳಗೂ ಹೊರಗೂ ಬರಿಗಾಲಲ್ಲಿ ಓಡಾಡತೊಡಗಿದ. ಕಳೆದ ಡಿಸೆಂಬರಿನಲ್ಲಿ ಇಬ್ಬರೂ ಮಲೇಷ್ಯಾಕ್ಕೆ ರಜೆಗೆ ಹೋದಾಗ ರೆಸಾರ್ಟಿನವರು ಒಂದು ಮಧ್ಯಾಹ್ನ ಅವರನ್ನು ಮಲಯ ಹಳ್ಳಿಯೊಂದಕ್ಕೆ ಕರೆದೊಯ್ದರಂತೆ. ಅಲ್ಲಿ ತೆಂಗಿನ ಗರಿಯಲ್ಲಿ ಹೆಣೆದ ಮಿಡತೆ, ಅಡಿಕೆ ಹಾಳೆಯ ಮೇಲೆ ಮಗುವನ್ನು ಕೂರಿಸಿ ಎಳೆಯುವ ಆಟ, ತಲೆಗೆ ದಾಸವಾಳದ ಎಲೆಯ ಲೋಳೆ, ಎಲ್ಲ ನೋಡಿ ಬಂದರು.

"ಆಂಟಿ, ಇದೆಲ್ಲ ನಮ್ದೇ! ನಾವು ಮರ್ತುಬಿಟ್ಟಿದೀವಿ ಅಷ್ಟೇ" ಎಂದಳು ದೀಪಾಲಿ. ಅವಳು ಮರೆತದ್ದು ನಿಜ ಇರಬಹುದು. ನನಗಂತೂ ಮರೆಯಲಿಕ್ಕೆ ಏನೂ ಇರಲಿಲ್ಲ.

ಹೀಗೆ 'ಬೇರು' ಎಂಬ ಕಂಪನಿ ಹುಟ್ಟಿತು. ಅದರ ಮೊದಲ ಕಾರ್ಯಕ್ರಮ ಏಪ್ರಿಲಿನ ಒಂದು ಶನಿವಾರ ಬೆಳಿಗ್ಗೆ ಅವರ ಹಿತ್ತಲಿನಲ್ಲಿ. ಮಕ್ಕಳಿಗೆ ಎಲೆಯ ಆಟಿಕೆ, ದೊಡ್ಡವರಿಗೆ ಮೈಕೈ ನೋವಿಗೆ ಒಳ್ಳೆಯದೆನ್ನುವ ಲಕ್ಕಿ ಗಿಡದ ಸೊಪ್ಪಿನ ಬಿಸಿನೀರಿನಲ್ಲಿ ಕಾಲು ನೆನೆಸುವ ಸುಖ. ನಾನು ಅಜ್ಜಿ. ನಾನು ನಿಜವಾಗಿಯೂ ಅಜ್ಜಿಯೇ, ಆಶ್ರಿತಾಳ ಮಗಳು ತನ್ವಿಗೆ ಆರು ವರ್ಷ. ಆದರೆ ಅವರಿಗೆ ಬೇಕಾಗಿದ್ದದ್ದು ಇನ್ನೊಂದು ಬಗೆಯ ಅಜ್ಜಿ. ಕಾಟನ್ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕೈಯ ಫಿಟ್‌ನೆಸ್ ವಾಚು ಬಿಚ್ಚಿಟ್ಟು ಮಣೆಯ ಮೇಲೆ ಕೂರುವ ಅಜ್ಜಿ.

"ನನಗೆ ಎಂತದೂ ಗೊತ್ತಿಲ್ಲ ಮಾರಾಯ್ತಿ" ಎಂದೆ ಆಶ್ರಿತಾಳಿಗೆ.

"ಅಮ್ಮ, ಒಂದ್ಸಲ ಬಂದು ಕೂತ್ಕೊ. ಬೇರೆಯವರ ಅಮ್ಮಂದಿರೆಲ್ಲ ಊರಿಂದ ಬಂದಾಗ ಏನೇನೋ ಮಾಡಿ ತೋರಿಸ್ತಾರೆ. ನೀನು ತನ್ವಿಗೆ ಎಕ್ಸೆಲ್ ಕಲಿಸ್ತೀಯ" ಎಂದಳು. ಹೇಳುವಾಗ ನಗುತ್ತಿದ್ದಳು, ಆದರೆ ಮಾತು ಸರಿಯಾಗಿಯೇ ನಾಟಿತು. ಸೀರೆ ಉಟ್ಟೆ.

ಹಿತ್ತಲಿನಲ್ಲಿ ಸೆಣಬಿನ ಚಾಪೆ ಹಾಸಿದ್ದರು. ಇಂಡಿಯನ್ ಗ್ರೋಸರಿಯಿಂದ ತಂದ ಫ್ರೋಝನ್ ಬಾಳೆಎಲೆಗಳು ಕರಗಿ ಒದ್ದೆ ಬಟ್ಟೆಯಂತೆ ಮುದುಡಿ ಬಿದ್ದಿದ್ದವು. ಏಳೆಂಟು ಮಕ್ಕಳು, ಬಿಸಿನೀರಿನ ಟಬ್ಬುಗಳಲ್ಲಿ ಕಾಲಿಳಿಬಿಟ್ಟ ಅವರ ಅಪ್ಪ ಅಮ್ಮಂದಿರು, ಎಲ್ಲರ ಕೈಯಲ್ಲೂ ಫೋನು. ನನ್ನನ್ನು ಮಣೆಯ ಮೇಲೆ ಕೂರಿಸಿದರು.

"ಆಂಟಿ, ದಾಸವಾಳದ ಎಲೆ ತಲೇಲಿ ಎಷ್ಟು ಹೊತ್ತು ಇಟ್ಕೋಬೇಕು?" ದೀಪಾಲಿ ಎಲ್ಲರಿಗೂ ಕೇಳುವಂತೆ ಕೇಳಿದಳು.

"ಗೊತ್ತಿಲ್ಲ" ಎಂದೆ.

"ನೋಡಿ" ಎಂದು ಅವಳು ಜನರ ಕಡೆ ತಿರುಗಿದಳು. "ಅವರ ಕಾಲದಲ್ಲಿ ಗಡಿಯಾರ ನೋಡ್ಕೊಂಡು ಬದುಕ್ತಾ ಇರ್ಲಿಲ್ಲ. ದೇಹಾನೇ ಹೇಳ್ತಿತ್ತು."

ಎಲ್ಲರೂ ತಲೆದೂಗಿದರು. ಒಬ್ಬಾಕೆ ಬರೆದುಕೊಂಡಳು. ಚಿಕ್ಕಂದಿನಲ್ಲಿ ಯಾವ ಎಲೆಯ ಜೊತೆ ಆಡುತ್ತಿದ್ದಿರಿ ಎಂದು ಇನ್ನೊಬ್ಬರು ಕೇಳಿದರು. ನಾನು ಕೇರಂ ಆಡುತ್ತಿದ್ದೆ ಎಂದೆ. ಕೇರಂ ಬೋರ್ಡೂ ಮರವೇ ಅಲ್ಲವೇ ಎಂದು ದೀಪಾಲಿ ಭಾವುಕಳಾದಳು. ನಾನು ಬಾಯಿ ಮುಚ್ಚಿಕೊಳ್ಳುವುದೇ ಮೇಲೆಂದುಕೊಂಡೆ, ಆದರೆ ನನ್ನ ಮೌನಕ್ಕೂ ಫೋಟೋ ತೆಗೆದರು.

ಅಷ್ಟರಲ್ಲಿ ಶಶಿಧರ ಬೇಲಿಯ ಕಡೆಯಿಂದ ಒಂದು ದೊಡ್ಡ ಬುಟ್ಟಿ ಹೊತ್ತು ತಂದ. ಬುಟ್ಟಿಯ ತುಂಬ ಸೊಪ್ಪು. ಮಕ್ಕಳ ಮುಂದೆ ಸುರಿದ. ಒಂದೊಂದು ಕಡ್ಡಿಗೆ ಮೂರು ಮೂರು ಎಲೆ, ಎಣ್ಣೆ ಸವರಿದಂತೆ ಹೊಳೆಯುವ ಹಸಿರು, ಅಂಚಿನಲ್ಲಿ ಸ್ವಲ್ಪ ಕೆಂಪು.

ನನ್ನ ಮೈ ತುರಿಸಿತು. ನಿಜವಾಗಿ ಅಲ್ಲ, ನೆನಪಿನಿಂದ. ಬಹಳ ಹಿಂದೆ ಆಫೀಸಿನವರ ಜೊತೆ ಲಾಸ್ ಗ್ಯಾಟೋಸಿನ ಗುಡ್ಡಕ್ಕೆ ಹೋಗಿದ್ದಾಗ ಇದೇ ಗಿಡಕ್ಕೆ ಕೈ ತಾಗಿಸಿದ್ದೆ. ಮುಖ ಬಾತು, ಕಣ್ಣು ಮುಚ್ಚಿ, ತೋಳಿನ ಮೇಲೆಲ್ಲ ನೀರ್ಗುಳ್ಳೆ ಎದ್ದಿದ್ದವು. ಊರಿನಲ್ಲಿ ಹಸಿ ಗೇರುಬೀಜದ ಸೊನೆ ತಾಗಿದರೆ ಸುಡುತ್ತದಲ್ಲ, ಅದರ ಹತ್ತರಷ್ಟು. ಇಲ್ಲಿ ಗುಡ್ಡ ಹತ್ತುವ ಪ್ರತಿ ಕಾಲುದಾರಿಯ, ಅಂದರೆ ಟ್ರೇಲಿನ, ಬಾಯಲ್ಲೂ ಇದರ ಚಿತ್ರ ಹಾಕಿ ಬೋರ್ಡು ನೆಟ್ಟಿದ್ದಾರೆ. ಪಾಯ್ಸನ್ ಓಕ್.

"ಶಶಿಧರ, ಇದು ಲಕ್ಕಿ ಅಲ್ಲ ಮಾರಾಯ. ಇದು ಪಾಯ್ಸನ್ ಓಕ್. ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಬೇಡಿ" ಎಂದು ಎದ್ದು ನಿಂತೆ.

ಶಶಿಧರ ಮುಗುಳ್ನಕ್ಕ. "ಇಲ್ಲರೀ ಆಂಟಿ, ಲಕ್ಕಿ ತಪ್ಪಲ ಇದು. ನಮ್ಮವ್ವ ಫೋನಿನ್ಯಾಗ ಹೇಳ್ಯಾಳ. ಹಳ್ಳದ ದಂಡಿಗೆ ಬೆಳೀತದ, ಒಂದ ಕಡ್ಡಿಗೆ ಮೂರ ಎಲಿ. ಇಲ್ಲೇ ಹಿಂದ ಕ್ರೀಕ್ ದಂಡಿಗೆ ಸಿಕ್ತು. ನಿನ್ನೇನ ನಾವಿಬ್ರೂ ಇದರ ಹಬಿ ತಗೊಂಡೇವಿ."

"ಟ್ರೇಲಿನಲ್ಲಿ ಬೋರ್ಡು ನೋಡಿಲ್ವಾ ನೀನು?"

"ಅಮೆರಿಕಾದವ್ರು ಎಲ್ಲಾದಕ್ಕೂ ಬೋರ್ಡ್ ಹಾಕ್ತಾರ್ರೀ. ಕಾಫಿ ಕಪ್ಪಿನ ಮ್ಯಾಲೂ ಬಿಸಿ ಅದ ಅಂತ ಬರೀತಾರ. ಮದ್ಲು ವಿಷ ಅಂತಾರ, ಆಮ್ಯಾಲ ಅವ್ರ ಪೇಟೆಂಟ್ ಮಾಡ್ತಾರ."

ಒಬ್ಬರು ಎಲೆಗೆ ಫೋನು ಹಿಡಿದು, ಆ್ಯಪ್ ಕೂಡ ಪಾಯ್ಸನ್ ಓಕ್ ಎನ್ನುತ್ತಿದೆ ಎಂದರು. ಆ ಆ್ಯಪಿಗೆ ಅಮೆರಿಕದ ಗಿಡಗಳಷ್ಟೇ ಗೊತ್ತು ಎಂದು ಶಶಿಧರ ಸಮಾಧಾನ ಹೇಳಿದ. ಹೇಳುತ್ತ ಮಣಿಕಟ್ಟನ್ನು ಪರಪರ ಕೆರೆದುಕೊಂಡ. ಅಲ್ಲಿ ಆಗಲೇ ಕೆಂಪು ಗೆರೆಗಳೆದ್ದಿದ್ದವು.

"ಅದೆಂತ ಕೈಯಲ್ಲಿ?"

"ಒಳಗಿನ ವಿಷ ಹೊರಗ ಬರಾಕತ್ತದರೀ. ಡೀಟಾಕ್ಸ್."

"ಆಂಟಿ, ನೀವು ತುಂಬಾ ಅಮೆರಿಕನ್ ಆಗ್ಬಿಟ್ಟಿದೀರ" ಎಂದು ದೀಪಾಲಿ ಪ್ರೀತಿಯಿಂದ ನನ್ನ ಭುಜ ಹಿಡಿದು ಮಣೆಯ ಮೇಲೆ ಕೂರಿಸಿದಳು.

ನಾನು ಆಶ್ರಿತಾಳ ಕಡೆ ನೋಡಿದೆ. ಮಗಳಾದರೂ ನಂಬುತ್ತಾಳೆ ಅಂದುಕೊಂಡೆ. ಅವಳು ಹಲ್ಲು ಕಚ್ಚಿ, "ಅಮ್ಮ, ಪ್ಲೀಸ್, ಸೀನ್ ಮಾಡ್ಬೇಡ. ಎಲ್ಲರೂ ನೋಡ್ತಿದಾರೆ" ಎಂದಳು. ಬೆಳಿಗ್ಗೆಯಿಂದ ನಾನು ಏನೂ ತಿಳಿಯದೆ ಆಡಿದ್ದೆಲ್ಲ ಇವರಿಗೆ ವೇದವಾಗಿತ್ತು. ನಿಜವಾಗಿ ಗೊತ್ತಿದ್ದ ಒಂದೇ ಒಂದು ವಿಷಯ ಹೇಳಿದ್ದಕ್ಕೆ ನನಗೇನೂ ಗೊತ್ತಿಲ್ಲ ಎಂದಾಯಿತು. ಸಿಟ್ಟು ನೆತ್ತಿಗೇರಿತು.

ಆಗ ಶಶಿಧರ ಮಕ್ಕಳಿಗೆ, "ಈಗ ಎಲ್ಲಾರೂ ಒಂದೊಂದ ಎಲಿ ತಗೋರಿ. ಹಿಂಗ ಸುರುಳಿ ಸುತ್ತಿ ಬಾಯಾಗ ಇಟ್ಟು ಊದ್ರಿ. ಪೀಪಿ!" ಎಂದ.

ತನ್ವಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಯಾವ ಕೆಲಸ ಹೇಳಿದರೂ ಎಲ್ಲರಿಗಿಂತ ಮೊದಲು ಮುಗಿಸುವ ಹುಡುಗಿ. ಎಲೆ ಆಗಲೇ ಅವಳ ಬೆರಳುಗಳ ನಡುವೆ ಸುರುಳಿಯಾಗಿತ್ತು. ಆ ಸೊನೆ ತುಟಿಗೆ, ನಾಲಿಗೆಗೆ, ಗಂಟಲಿಗೆ ತಾಗಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವಳು ಕೈ ಎತ್ತಿದಳು.

ಮುಂದೆ ನಾನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಎದ್ದೆ, ತಲೆಗೂದಲು ಬಿಚ್ಚಿ ಹೋಯಿತು, ಮಲ್ಲಿಗೆ ಎಲ್ಲೋ ಬಿತ್ತು. ನನ್ನ ಗಂಟಲಿನಿಂದ ನಾನೇ ಕೇಳಿರದ ಒಂದು ದನಿ ಹೊರಟಿತು.

"ಮೂರೆಲೆಯ ದೈವದ ಎಲೆ ಅದು! ಎಂಜಲು ಮಾಡ್ತೀರಾ? ಎಂಜಲು ಮಾಡ್ತೀರಾ ಅದನ್ನು?"

ತನ್ವಿಯ ಕೈ ಬಾಯಿಯ ಹತ್ತಿರ ಹಾಗೇ ನಿಂತಿತು. ನಾನು ಹೋಗಿ ಅವಳ ಕೈಗೆ ಒಂದು ಏಟು ಹಾಕಿ ಎಲೆ ಬೀಳಿಸಿದೆ.

"ನಮ್ಮ ತುಳುನಾಡಿನಲ್ಲಿ ಈ ಎಲೆಗೆ ಬಾಯಿ ತಾಗಿಸಿದ ಮನೆ ಉದ್ಧಾರ ಆದದ್ದುಂಟಾ? ಮೈಯೆಲ್ಲ ಬೊಕ್ಕೆ ಬರ್ತದೆ! ಕಣ್ಣು ಮುಚ್ಚಿ ಹೋಗ್ತದೆ! ಎಲ್ಲ ಕೆಳಗೆ ಹಾಕಿ!"

ಎಲೆಗಳು ತಪತಪ ಉದುರಿದವು. ಅಷ್ಟು ಹೊತ್ತು ಬೋರ್ಡನ್ನೂ ನಂಬದ, ಆ್ಯಪನ್ನೂ ನಂಬದ ಎಂಜಿನಿಯರುಗಳು ಬಿಸಿನೀರಿನ ಟಬ್ಬುಗಳಿಂದ ಕಾಲು ಕಿತ್ತು ಹುಲ್ಲಿನ ಮೇಲೆ ಹಾರಿದರು. ದೀಪಾಲಿ ಕೈ ಮುಗಿದಳು. ಶಶಿಧರನ ಮುಖ ಬಿಳುಚಿತು. "ತಪ್ಪಾತ್ರೀ ಆಂಟಿ, ಗೊತ್ತಿರ್ಲಿಲ್ಲ" ಎಂದ.

"ಈಗ ಏನು ಮಾಡ್ಬೇಕು?" ಯಾರೋ ಕೇಳಿದರು.

"ತೊಳೀಬೇಕು. ಈಗಲೇ. ಕೈ, ಕಾಲು, ಮೊಣಕೈವರೆಗೆ. ತಣ್ಣೀರು, ಪಾತ್ರೆ ತೊಳೆಯುವ ಸೋಪು. ಹಾಕಿದ ಬಟ್ಟೆ ಮನೆಗೆ ಹೋದ ಕೂಡಲೇ ವಾಷಿಂಗ್ ಮಷೀನಿಗೆ."

"ದೈವಕ್ಕೆ ಡಿಶ್ ಸೋಪ್ ನಡೆಯುತ್ತಾ ಆಂಟಿ?"

"ಮೊದಲೆಲ್ಲ ಅಂಟುವಾಳದ ಕಾಯಿ. ಇಲ್ಲಿ ಇದು ನಡೀತದೆ."

ಎಲ್ಲರೂ ಅಡುಗೆಮನೆಯ ಸಿಂಕಿನ ಮುಂದೆ ಸಾಲುಗಟ್ಟಿದರು. ತನ್ವಿಯ ಕೈಯನ್ನು ನಾನೇ ಉಜ್ಜಿದೆ, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಅವಳು ಅಳುತ್ತಿದ್ದಳು. ನನಗೂ ಅಳು ಬಂತು, ನಲ್ಲಿಯ ನೀರು ಜೋರಾಗಿ ಬಿಟ್ಟುಕೊಂಡೆ. ಊರಿನ ನಿಜವಾದ ದೈವಗಳನ್ನು ಮನಸ್ಸಿನಲ್ಲೇ ನೆನೆದು, ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದೆ, ಬೇರೆ ದಾರಿ ಇರಲಿಲ್ಲ, ಎಂದು ಕ್ಷಮೆ ಕೇಳಿದೆ.

ಮನೆಗೆ ಹೋಗುವಾಗ ಕಾರು ಫ್ರೀವೇಗೆ ಬಂದ ಮೇಲೆ ಆಶ್ರಿತಾ ಕೇಳಿದಳು, "ಅಮ್ಮ, ಇಷ್ಟೆಲ್ಲ ಗೊತ್ತಿದ್ದೂ ನನಗೆ ಯಾಕೆ ಯಾವತ್ತೂ ಹೇಳ್ಲಿಲ್ಲ?"

ಅವಳ ಕಣ್ಣಿನಲ್ಲಿ ಒಂದು ಹೊಳಪಿತ್ತು. ಅದು ಗೌರವ. ಅವಳಿಗೆ ಫಿಸಿಕ್ಸ್ ಹೇಳಿಕೊಟ್ಟಾಗ, ಇಡೀ ತಂಡದಲ್ಲಿ ಒಬ್ಬಳೇ ಹೆಂಗಸಾಗಿ ದುಡಿದು ಅವಳನ್ನು ಓದಿಸಿದಾಗ ನಾನು ಅದನ್ನು ನೋಡಿರಲಿಲ್ಲ. ಈಗ ಒಂದು ಹಸಿ ಸುಳ್ಳಿಗೆ ಸಿಕ್ಕಿತ್ತು.

"ಎಂತ ದೈವವೂ ಇಲ್ಲ, ಮಣ್ಣೂ ಇಲ್ಲ. ಅದು ಪಾಯ್ಸನ್ ಓಕ್. ನಾನು ಮೊದಲು ಹೇಳಿದ್ದೇ ಸತ್ಯ. ಆಮೇಲಿನದು ನಾನೇ ಕಟ್ಟಿದ್ದು" ಎಂದೆ.

"ನೀನು ಯಾವಾಗ್ಲೂ ಹಿಂಗೇ. ನಿನ್ನನ್ನ ನೀನೇ ಕಡಿಮೆ ಮಾಡ್ಕೋತೀಯ" ಎಂದು ಅವಳು ನನ್ನ ಕೈ ಒತ್ತಿದಳು. ಆ ಧ್ವನಿಯನ್ನೆಲ್ಲ ಮನಸ್ಸಿನಿಂದ ಕಟ್ಟಲಿಕ್ಕೆ ಆಗುತ್ತದಾ ಎಂದಳು.

ಮಕ್ಕಳಿಗೆ ಹೆಚ್ಚೇನೂ ಆಗಲಿಲ್ಲ. ತನ್ವಿಯ ಒಂದು ಬೆರಳಿನ ಮೇಲೆ ಚಿಕ್ಕ ಕೆಂಪು ಮಚ್ಚೆ, ಅಷ್ಟೇ. ಆದರೆ ಸೋಮವಾರ ಶಶಿಧರ ವಿಡಿಯೋ ಕಾಲ್ ಮಾಡಿದಾಗ ನನಗೆ ಗುರುತೇ ಸಿಗಲಿಲ್ಲ. ಮುಖ ಇಡ್ಲಿಯಂತೆ ಉಬ್ಬಿ ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಪಕ್ಕದಲ್ಲಿ ದೀಪಾಲಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ಶುಕ್ರವಾರ ತಗೊಂಡ ಹಬೆ ತನ್ನ ಕೆಲಸ ಮಾಡಿತ್ತು.

"ನೀವ್ ಹೇಳ್ದಂಗ ಆತ್ರೀ ಆಂಟಿ. ಕಣ್ಣ ಮುಚ್ಚಿ ಹೋತು" ಎಂದ. "ನಿಮ್ಮ ಕಡೆ ತಪ್ಪುಕಾಣಿಕಿ ಅಂತ ಹಾಕ್ತಾರಂತಲ್ಲ. ಅದನ್ನ ಇಲ್ಲಿ ಎಲ್ಲಿ ಹಾಕೂದು?"

"ಮೊದಲು ಡಾಕ್ಟರ ಹತ್ರ ಹೋಗು ಮಾರಾಯ!"

"ಹೋಗಿ ಬಂದ್ವಿ. ಪಾಯ್ಸನ್ ಓಕ್ ಅಂದ್ರು, ಗುಳಿಗಿ ಕೊಟ್ರು. ಆದ್ರ ಅದು ನಮಗ ಯಾಕ ಬಂತು ಅನ್ನೂದು ಡಾಕ್ಟರಿಗೆ ಗೊತ್ತಿಲ್ಲಲ್ರೀ."

ನಾನು ಫೋನಿಟ್ಟೆ. ಆ ವಾರ 'ಬೇರು' ಕಂಪನಿಯ ಪುಟದಲ್ಲಿ ಕೂದಲು ಬಿಚ್ಚಿದ ನನ್ನ ಫೋಟೋ ಬಂತು. ಕೆಳಗೆ, ತುಳುನಾಡಿನ ಮೂರೆಲೆಯ ದೈವದ ಬಗ್ಗೆ ವಿನೋದಾ ಅಜ್ಜಿಯವರಿಂದ ಸದ್ಯದಲ್ಲೇ ಒಂದು ಉಪನ್ಯಾಸ, ಎಂದಿತ್ತು. ಆಶ್ರಿತಾ ಅದಕ್ಕೆ ಹೃದಯದ ಗುರುತು ಒತ್ತಿದ್ದಳು. ಬರುವುದಿಲ್ಲ ಎಂದು ನಾನು ಬರೆದ ಉತ್ತರಕ್ಕೂ ಇಪ್ಪತ್ತು ಜನ ಕೈ ಮುಗಿದ ಚಿತ್ರ ಹಾಕಿದರು.

ಮುಂದಿನ ಭಾನುವಾರ ನಾವು ಮೂವರೂ ಸರಟೋಗಾದ ಟ್ರೇಲಿಗೆ ವಾಕಿಂಗ್ ಹೋದೆವು. ತನ್ವಿ ಯಾವ ಎಲೆಯನ್ನೂ ಮುಟ್ಟದೆ, ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿ ಇಟ್ಟುಕೊಂಡೇ ನಡೆಯುತ್ತಿದ್ದಳು. ಅದನ್ನು ನೋಡಿ ನನಗೆ ಬೇಜಾರಾಯಿತು. ಟ್ರೇಲಿನ ಬಾಯಲ್ಲಿ ಬೋರ್ಡಿತ್ತು. ಅವಳು ಈಗಷ್ಟೇ ಓದಲು ಕಲಿತವಳು, ಕಂಡದ್ದೆಲ್ಲ ಓದುತ್ತಾಳೆ. ನಿಂತು ಒಂದೊಂದೇ ಅಕ್ಷರ ಕೂಡಿಸಿದಳು.

"ಅಜ್ಜಿ, ಸೇಮ್ ಲೀಫ್!" ಎಂದು ಕೂಗಿದಳು. "ಡಿಡ್ ದ ದೈವ ಪುಟ್ ದಿಸ್ ಬೋರ್ಡ್?"

"ಇಲ್ಲ ಮಗಾ. ಪಾರ್ಕಿನವರು ಹಾಕಿದ್ದು."

"ದೆನ್ ಹೌ ಡಿಡ್ ಯು ನೋ?"

"ಒಂದು ಸಲ ಮುಟ್ಟಿ ಬೊಕ್ಕೆ ಬಂದ ಮೇಲೆ ನಾನೂ ಇದನ್ನೇ ಓದಿ ತಿಳ್ಕೊಂಡದ್ದು."

ಅವಳು ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಯೋಚಿಸಿದಳು. "ಸೋ ವೈ ಡಿಡಂಟ್ ಯು ಜಸ್ಟ್ ಸೇ ದಟ್?"

"ಹೇಳಿದ್ದೆ ಮಗಾ. ಎಲ್ಲಕ್ಕಿಂತ ಮೊದಲು ಅದನ್ನೇ ಹೇಳಿದ್ದೆ. ಬೇಕಾದರೆ ನಿನ್ನ ಅಮ್ಮನನ್ನು ಕೇಳು."

ತನ್ವಿ ಹಿಂದೆ ತಿರುಗಿದಳು. ಆಶ್ರಿತಾ ಅಲ್ಲೇ ನಿಂತು ಬೋರ್ಡನ್ನು ಓದುತ್ತಿದ್ದಳು.