ಎಡಗೈ ಎತ್ತಿದವರು

ಶಿಸ್ತಮ್ಮನ ನಾಲ್ಕನೇ ಕ್ಲಾಸಿಗೆ ಇನ್‌ಸ್ಪೆಕ್ಟರೇ ಬರಲಿ, ಅವರ ಮೇಲಿನವರೇ ಬರಲಿ, ಪ್ರಶ್ನೆ ಬಾಯಿಂದ ಬೀಳುವುದೇ ತಡ, ಮೂವತ್ತೆಂಟು ಮಕ್ಕಳ ಮೂವತ್ತೆಂಟು ಕೈ ಮೇಲೆ! ಬಂದವರು ಕಣ್ಣರಳಿಸಿ, "ಏನ್ ಮಕ್ಕಳ್ರೀ ಇವು!" ಎಂದು ಶಹಬ್ಬಾಸ್‌ಗಿರಿ ಕೊಟ್ಟು ಹೋಗುತ್ತಿದ್ದರು. ಗುಟ್ಟು ಇಷ್ಟೇ: ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಶಿಸ್ತಮ್ಮ ಬಲಗೈಯವರನ್ನು ಮಾತ್ರ ಎಬ್ಬಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಇನ್‌ಸ್ಪೆಕ್ಟರಿಗೂ ಇದು ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಪಾಪ, ಅವರ ಕಣ್ಣೆಲ್ಲ ಗಡಿಯಾರದ ಮೇಲೆ. ಅಂದಹಾಗೆ ಶಿಸ್ತಮ್ಮ ಅನ್ನುವುದು ಮಕ್ಕಳು ಬೆನ್ನ ಹಿಂದೆ ಇಟ್ಟ ಹೆಸರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವರ್ಷ ಶಿಕ್ಷಕರ ತರಬೇತಿ ಕಾಲೇಜಿನವರು ಹೊಸ ವಿದ್ಯಾರ್ಥಿವೇತನವೊಂದನ್ನು ತಂದರು. ಹಿಂದೆ ಯಾರೂ ಮೇಷ್ಟರಾಗಿರದ ಮನೆಯವರು, ಮನೆಯಲ್ಲಿ ಬೇರೆ ಭಾಷೆ ಆಡುವವರು, ಮೈಮುರಿದು ದುಡಿಯುವ ಮನೆಗಳ ಮಕ್ಕಳು, ಇಂಥವರೂ ಕಪ್ಪುಹಲಗೆಯ ಮುಂದೆ ನಿಲ್ಲಲಿ ಎಂಬುದು ಅವರ ಆಸೆ. ಎರಡು ವರ್ಷದ ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲ ಕಾಲೇಜಿನದೇ. ಆದರೆ ಈ ಭಾಗಕ್ಕೆ ಸೀಟು ಒಂದೇ, ಕೊನೆಗೆ ಉಳಿದವರು ಇಬ್ಬರು. ಒಬ್ಬಳು ಶಿಸ್ತಮ್ಮನ ಸ್ವಂತ ಅಕ್ಕನ ಮಗಳು, ಲಾರಿ ಡ್ರೈವರನ ಮಗಳು. ಇನ್ನೊಬ್ಬಳು ಇಸ್ತ್ರಿ ಅಂಗಡಿಯ ಹುಡುಗಿ. ವಯಸ್ಸಿನ ಮಿತಿ ಇಪ್ಪತ್ತೈದು, ಇವಳಿಗೆ ಆಗಲೇ ಇಪ್ಪತ್ತೈದು ತುಂಬಿತ್ತು. ಈ ಸಲ ತಪ್ಪಿದರೆ ಮುಗಿಯಿತು, ಮುಂದೆ ಅರ್ಜಿ ಹಾಕುವಂತೆಯೇ ಇಲ್ಲ.

ಇಬ್ಬರೂ ಶುಕ್ರವಾರ ಶಿಸ್ತಮ್ಮನ ಕ್ಲಾಸಿನಲ್ಲಿ ಕಾಲು ಗಂಟೆ ಪಾಠ ಮಾಡಬೇಕು, ಕಾಲೇಜಿನ ಪ್ರಿನ್ಸಿಪಾಲರು ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಾರೆ ಎಂದಾಯಿತು. ಈ ಟೀಚರು ಅಭ್ಯರ್ಥಿಗಳಲ್ಲಿ ಒಬ್ಬಳಿಗೆ ಚಿಕ್ಕಮ್ಮನಾಗಬೇಕು ಎಂದು ಪ್ರಿನ್ಸಿಪಾಲರಿಗೆ ಯಾರು ಹೇಳಬೇಕು? ಶಿಸ್ತಮ್ಮ ಹೇಳಬೇಕಿತ್ತು, ಹೇಳಲಿಲ್ಲ.

ಗುರುವಾರ ಸಂಜೆ ಅಕ್ಕನ ಮಗಳು ಮನೆಗೆ ಬಂದಳು. ಭಿನ್ನರಾಶಿಯ ಪಾಠ, ಕೈಯಲ್ಲಿ ಕತ್ತರಿಸಿದ ಬಣ್ಣದ ಕಾಗದ, ಮುಖದಲ್ಲಿ ಭಯ. "ನಾನು ಕೇಳಿದ್ದಕ್ಕೆ ಯಾರೂ ಉತ್ತರ ಹೇಳ್ದೆ ಇದ್ರೆ ಏನ್ ಮಾಡ್ಲಿ ಚಿಕ್ಕಮ್ಮ?" ಅಂದಳು. ಕರುಳು ಕೇಳಬೇಕಲ್ಲ! "ಬಲಗೈ ಎತ್ತಿದೋರನ್ನ ಮಾತ್ರ ಎಬ್ಬಿಸು. ಯಾಕೆ ಏನು ಅಂತ ಕೇಳ್ಬೇಡ" ಎಂದುಬಿಟ್ಟಳು ಶಿಸ್ತಮ್ಮ. ಅಷ್ಟಕ್ಕೆ ನಿಂತಿದ್ದರೂ ಒಂದು ರೀತಿ. ಬೆಳಿಗ್ಗೆ ಇಸ್ತ್ರಿ ಅಂಗಡಿಯ ಹುಡುಗಿಗೂ ಅದೇ ಮಾತು ಹೇಳಿದರಾಯಿತು, ಇಬ್ಬರಿಗೂ ಸಮ ಆಗುತ್ತದೆ ಎಂದುಕೊಂಡೇ ಅವಳು ನಿದ್ದೆ ಮಾಡಿದ್ದು.

ಬೆಳಿಗ್ಗೆ ವರಾಂಡದಲ್ಲಿ ಆ ಹುಡುಗಿ ತಾನಾಗಿಯೇ ಹತ್ತಿರ ಬಂದಳು. ಗರಿಗರಿ ಬಟ್ಟೆ, ಕೈಯಲ್ಲಿ ಮಡಿಸಿದ ನಾಲ್ಕು ಕರವಸ್ತ್ರ. "ಮಿಸ್, ಈ ಮಕ್ಕಳ ಬಗ್ಗೆ ನಾನು ತಿಳ್ಕೋಬೇಕಾದ್ದು ಏನಾದ್ರೂ ಇದೆಯಾ?"

ಇಂಥ ಅವಕಾಶ ತಟ್ಟೆಯಲ್ಲಿಟ್ಟು ಯಾರು ಕೊಡುತ್ತಾರೆ ಹೇಳಿ! ಶಿಸ್ತಮ್ಮನಿಗೆ ಅಕ್ಕನ ಮುಖ ಕಣ್ಣ ಮುಂದೆ ಬಂತು. "ಏನಿಲ್ಲಮ್ಮ. ತುಂಬಾ ಒಳ್ಳೆ ಮಕ್ಕಳು" ಅಂದಳು. ಹುಡುಗಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿ, "ಸರಿ ಮಿಸ್" ಎಂದು ಒಳಗೆ ನಡೆದಳು.

ಅಕ್ಕನ ಮಗಳ ಪಾಠ ನೀರು ಹರಿದ ಹಾಗೆ ನಡೆಯಿತು. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ. ಪ್ರಿನ್ಸಿಪಾಲರ ಪೆನ್ನು ಓಡಿತು. ಆಮೇಲೆ ಇಸ್ತ್ರಿ ಅಂಗಡಿಯ ಹುಡುಗಿ ನಿಂತಳು. ಕರವಸ್ತ್ರವನ್ನು ಒಮ್ಮೆ ಮಡಿಸಿ ತೋರಿಸಿ, ಇದು ಎಷ್ಟು ಎಂದಳು. ಮೂವತ್ತೆಂಟು ಕೈ ಮೇಲೆ. ಅವಳು ಎಬ್ಬಿಸಿದ್ದು ಎಡಗೈಯವನನ್ನು. ಅವನು ಕಂಬದ ಹಾಗೆ ನಿಂತ. ಎರಡನೆಯದೂ ಎಡಗೈ, ಎದ್ದು ನಿಂತ ಪುಟ್ಟಿಗೆ ಅಳುವೇ ಬಂತು. ಮೂರನೆಯದೂ ಎಡಗೈಯೇ! ಅಯ್ಯೋ, ಬಲಕ್ಕೆ ನೋಡೇ, ಬಲಕ್ಕೆ ನೋಡೇ ಎಂದು ಶಿಸ್ತಮ್ಮ ಬಾಗಿಲ ಹತ್ತಿರ ನಿಂತು ಮನಸ್ಸಿನಲ್ಲೇ ಕೂಗಿಕೊಂಡಳು, ಬಾಯಿ ಮಾತ್ರ ಬಿಡಲಿಲ್ಲ. ಹುಡುಗಿ ಆ ಮೂವರ ಬೆಂಚಿಗೇ ಹೋಗಿ ಕೂತು, ಅವರ ಕೈಯಲ್ಲೇ ಕರವಸ್ತ್ರ ಮಡಿಸಿಸುತ್ತ, ಬಿಚ್ಚಿಸುತ್ತ ಹೋದಳು. ಅರ್ಧ, ಕಾಲು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಅರ್ಧ ಪಾಠ ಹಾಗೇ ಉಳಿಯಿತು.

ಶನಿವಾರ ಪ್ರಿನ್ಸಿಪಾಲರೇ ಫೋನು ಮಾಡಿ ಶಿಸ್ತಮ್ಮನ ಕ್ಲಾಸನ್ನು ಹೊಗಳಿದರು. ಸೀಟು ಲಾರಿ ಡ್ರೈವರನ ಮಗಳಿಗೆ, ಸೋಮವಾರ ಮಧ್ಯಾಹ್ನ ಪಟ್ಟಿ ಹೋಗುತ್ತದೆ. "ಇನ್ನೊಬ್ಬಳದ್ದು ನೋಡಿ ಬೇಜಾರಾಯ್ತು. ಅಷ್ಟು ಜನ ಕೈ ಎತ್ತಿದ್ದಾರೆ, ಹುಡುಕಿ ಹುಡುಕಿ ಗೊತ್ತಿಲ್ಲದೋರನ್ನೇ ಎಬ್ಬಿಸ್ತಾಳೆ!"

ಅತ್ತ ಅಕ್ಕ ಫೋನಿನಲ್ಲಿ ಖುಷಿಗೆ ಅತ್ತಳು. ಇತ್ತ ಶಿಸ್ತಮ್ಮನಿಗೆ ಏನಿಲ್ಲಮ್ಮ, ಏನಿಲ್ಲಮ್ಮ ಎಂಬ ತನ್ನದೇ ದನಿ ಕಿವಿಯಲ್ಲಿ ಕೊರೆಯುತ್ತಿತ್ತು. ಭಾನುವಾರ ಬೆಳಿಗ್ಗೆ ತಡೆಯಲಾರದೆ ಇಸ್ತ್ರಿ ಅಂಗಡಿಗೆ ಹೊರಟಳು.

ಹುಡುಗಿ ಅಂಗಿಗೆ ನೀರು ಚಿಮುಕಿಸಿ ಕಾಲರ್ ತೀಡುತ್ತಿದ್ದಳು. "ಬನ್ನಿ ಮಿಸ್. ಬಟ್ಟೆ ತಂದ್ರಾ?"

"ಬಟ್ಟೆ ಅಲ್ಲಮ್ಮ. ನಿಂಗೊಂದು ಮಾತು ಹೇಳ್ಬೇಕಿತ್ತು. ಅವತ್ತೇ ಹೇಳ್ಬೇಕಿತ್ತು. ನಮ್ಮ ಮಕ್ಕಳು ಕೈ ಎತ್ತುತ್ತಾರಲ್ಲ, ಅದ್ರಲ್ಲಿ..."

"ಎಡಗೈ ಎತ್ತಿದ್ರೆ ಉತ್ತರ ಗೊತ್ತಿಲ್ಲ ಅಂತ. ಗೊತ್ತು ಮಿಸ್."

"ಯಾರು ಹೇಳಿದ್ರು ನಿಂಗೆ?"

"ನೀವೇ. ನಾನು ನಾಲ್ಕನೇ ಕ್ಲಾಸು ಓದಿದ್ದು ನಿಮ್ಮ ಹತ್ರಾನೇ ಮಿಸ್. ಎರಡನೇ ಸಾಲು, ಕಿಟಕಿ ಪಕ್ಕ." ಇಸ್ತ್ರಿ ಪೆಟ್ಟಿಗೆಯನ್ನು ತೋಳಿನ ಮೇಲೆ ಹಾಯಿಸುತ್ತಲೇ ಅವಳು ಮುಂದುವರಿಸಿದಳು. "ನಮ್ಮನೇಲಿ ಬೇರೆ ಮಾತು. ಪಾಠ ಅರ್ಧಂಬರ್ಧ ಅರ್ಥವಾಗ್ತಿತ್ತು. ವರ್ಷಪೂರ್ತಿ ಎಡಗೈ ಎತ್ತಿದೀನಿ. ನೀವು ಒಂದಿನಾನೂ ನನ್ನ ಎಬ್ಬಿಸ್ಲಿಲ್ಲ."

ಶಿಸ್ತಮ್ಮ ಆ ಮುಖವನ್ನು ನೆನಪಿನಲ್ಲಿ ಹುಡುಕಿಯೇ ಹುಡುಕಿದಳು. ಎರಡನೇ ಸಾಲು, ಕಿಟಕಿ ಪಕ್ಕ. ಏನೂ ಸಿಗಲಿಲ್ಲ. ಅವಳಿಗೆ ನೆನಪಿದ್ದ ಮುಖಗಳೆಲ್ಲ ಬಲಗೈಯವರದೇ.

"ಮತ್ತೆ ವರಾಂಡದಲ್ಲಿ ನನ್ನ ಯಾಕೆ ಕೇಳ್ದೆ?"

"ಅದನ್ನ ಈಗ ಬಿಟ್ಟಿದೀರೇನೋ ಅಂತ. ಏನಿಲ್ಲ ಅಂದ್ರಲ್ಲ, ಬಿಟ್ಟಿದೀರಿ ಅಂದ್ಕೊಂಡೆ. ಒಳಗೆ ಹೋಗಿ ನೋಡಿದ್ರೆ ಅರ್ಧ ಕ್ಲಾಸು ಎಡಗೈ."

"ಗೊತ್ತಿದ್ದೂ ಅವರನ್ನೇ ಎಬ್ಬಿಸಿದ್ಯಲ್ಲೇ ತಾಯಿ! ಬಲಗೈಯವರನ್ನ ಕೇಳಿದ್ರೆ ಸೀಟು ನಿಂದಾಗ್ತಿತ್ತೋ ಏನೋ!"

ಹುಡುಗಿ ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. "ಗೊತ್ತಿರೋರಿಗೆ ನಾನೇನು ಹೇಳ್ಕೊಡ್ಲಿ ಮಿಸ್?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ, ಬೈದಿದ್ದರೆ, ಶಿಸ್ತಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು.

ಸೋಮವಾರ ಕಾಲೇಜಿನ ಬಾಗಿಲು ತೆರೆಯುವ ಹೊತ್ತಿಗೆ ಅವಳು ಅಲ್ಲಿದ್ದಳು. ಕೈಯ ಗುಟ್ಟು, ಅಕ್ಕನ ಮಗಳಿಗೆ ಹೇಳಿದ್ದು, ಇನ್ನೊಬ್ಬಳಿಗೆ ಮುಚ್ಚಿಟ್ಟಿದ್ದು, ಒಂದೂ ಬಿಡದೆ ಒದರಿದಳು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ರಾ ಟೀಚರ್?" ಎಂದರು. ಆಮೇಲೆ, "ಆ ಹುಡುಗಿ ಮೂವರು ಮಕ್ಕಳಿಗೆ ಅರ್ಥ ಮಾಡಿಸಿ ಕೂರಿಸಿದ್ಲು. ನಾನು ಅದನ್ನ ಸೋಲು ಅಂತ ಬರೆದೆ, ನೋಡಿ" ಎಂದು ಬಿಳಿ ಹಾಳೆ ಮುಂದೆ ತಳ್ಳಿದರು. ಶಿಸ್ತಮ್ಮ ಎಲ್ಲವನ್ನೂ ಬರೆದು ಸಹಿ ಹಾಕಿದಳು. ಮಧ್ಯಾಹ್ನದ ಪಟ್ಟಿಯಲ್ಲಿ ಹೆಸರು ಬದಲಾಯಿತು.

ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಎಲ್ಲಿಯ ಹಗುರ! ಅಕ್ಕ ಫೋನಿನಲ್ಲಿ, "ನೀನು ನನ್ನ ತಂಗಿಯೇ ಅಲ್ಲ" ಎಂದು ಇಟ್ಟುಬಿಟ್ಟಳು. ಸಂಜೆ ಅಕ್ಕನ ಮಗಳು ತಾನೇ ಬಂದಳು. ಒಳಗೆ ಬಾ ಎಂದರೂ ಬರದೆ ಹೊಸ್ತಿಲ ಆಚೆಯೇ ನಿಂತಳು.

"ಬೈಯಮ್ಮ, ಎಷ್ಟು ಬೈತೀಯೋ ಬೈ. ಸೀಟು ತಪ್ಪಿಸಿದ್ದು ನಾನೇ" ಎಂದಳು ಶಿಸ್ತಮ್ಮ.

"ಕಾಲೇಜಿನವರು ಎಲ್ಲಾ ಹೇಳಿದ್ರು. ಅವಳಿಗೆ ಸಿಕ್ಕಿದ್ದು ಸರೀನೇ ಚಿಕ್ಕಮ್ಮ. ಅದಕ್ಕಲ್ಲ." ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನೀನು ಹೇಳ್ದೇ ಇದ್ದಿದ್ರೆ ಆ ಎಡಗೈ ಮಕ್ಕಳು ನಂಗೂ ಸಿಗ್ತಿದ್ರು. ನಾನು ಕಂಗಾಲಾಗ್ತಿದ್ನೋ, ಅವಳ ಹಾಗೆ ಅವರ ಪಕ್ಕ ಕೂತು ಹೇಳ್ಕೊಡ್ತಿದ್ನೋ? ನಾನು ಟೀಚರ್ ಆಗೋಕೆ ಲಾಯಕ್ಕೋ ಅಲ್ವೋ ಅಂತ ಅವತ್ತು ಗೊತ್ತಾಗ್ಬೇಕಿತ್ತು. ನೀನು ಅದನ್ನ ಗೊತ್ತಾಗೋಕೇ ಬಿಡ್ಲಿಲ್ಲ."

ಹುಡುಗಿ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೊರಟಳು. ಕೂಗಿ ಕರೆಯುವ ಧೈರ್ಯ ಅವಳ ಚಿಕ್ಕಮ್ಮನಿಗೆ ಬರಲಿಲ್ಲ.