ತುಂಬಿದ ಮೇಲೆ ಬಿಡುವ ಗಾಡಿ

ಶಹಾಪುರದ ಬಸ್ ನಿಲ್ದಾಣದ ಹೊರಗೆ, ಗೋಗಿಗೆ ಹೋಗುವ ಆಟೊದಲ್ಲಿ ಕೂತು ಕೂತು ನನಗೆ ತಲೆ ಚಿಟ್ಟು ಹಿಡಿದಿತ್ತು. ಒಳಗೆ ಕಾಲು ಚಾಚಲು ಜಾಗವಿರಲಿಲ್ಲ. ಆದರೂ ಡ್ರೈವರ್ ವಿಶ್ವರಾಧ್ಯ ಕೆಳಗೆ ನಿಂತು "ಗೋಗಿ, ಗೋಗಿ!" ಎಂದು ಕೂಗುತ್ತಲೇ ಇದ್ದ. ತೊಡೆಯ ಮೇಲೆ ಮಿಸುಕಾಡುತ್ತಿದ್ದ ಮಗಳು ರೇವತಿ ಸುಮ್ಮನಿರಲಿ ಎಂದು, ನಾಳಿನ ಪರೀಕ್ಷೆಯ ಪಾಠ ಶುರು ಮಾಡಿದೆ.

"ಶಾಸಕಾಂಗ ಕಾಯ್ದೆ ಮಾಡ್ತದ. ಕಾರ್ಯಾಂಗ ಅದನ್ನ ನಡಸ್ತದ. ತಕರಾರು ಬಂದ್ರ ನ್ಯಾಯಾಂಗ ತೀರ್ಪು ಕೊಡ್ತದ. ತಿಳೀತಾ?"

"ಮೂರೂ ಕೆಲಸ ಒಬ್ರೇ ಮಾಡಿದ್ರ ಏನಾಗ್ತದವ್ವ?"

ಅಷ್ಟರಲ್ಲಿ ಪಕ್ಕದ ಮುದುಕಿ ಪಾರ್ವತಿಬಾಯಿ ರೇಗಿದಳು. "ಏ ತಮ್ಮಾ, ಗಾಡಿ ಬಿಡಪಾ! ಉಸರು ಕಟ್ಟಾಕತ್ತದ."

"ತುಂಬಿದ ಮ್ಯಾಲೇ ಬಿಡೂದು ಯವ್ವಾ. ಇದು ನನ್ನ ಗಾಡಿ ಕಾಯ್ದೆ," ಎನ್ನುತ್ತ ವಿಶ್ವರಾಧ್ಯ ಇನ್ನಿಬ್ಬರನ್ನು ನಮ್ಮ ನಡುವೆ ತುರುಕಿದ.

"ತುಂಬ್ಯದಲ್ಲಣ್ಣಾ! ಕಣ್ಣು ಕಾಣವಲ್ದೇನು?" ನಾನು ಸಿಡುಕಿದೆ.

"ತುಂಬ್ಯದೋ ಇಲ್ಲೋ, ಅದನ್ನೂ ನಾನೇ ಹೇಳ್ಬೇಕ್ರಿ ಅಕ್ಕಾರ."

ರೇವತಿ ನನ್ನ ಸೆರಗು ಜಗ್ಗಿದಳು. "ಒಬ್ರೇ ಮಾಡಿದ್ರ ಹಿಂಗಾಗ್ತದ, ಹೌದಿಲ್ಲವ್ವ?"

ಯಾರೋ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ.

"ಹಂಗಾದ್ರ ಇದರಾಗ ನಾವ್ಯಾರವ್ವ?"

"ನಾವಾ? ಇಳಿ, ತೋರಸ್ತೀನಿ."

ಮಗಳ ಕೈ ಹಿಡಿದು ಕೆಳಗೆ ಇಳಿದೆ. ಗೊಣಗುತ್ತ ಪಾರ್ವತಿಬಾಯಿ ಇಳಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದು, ನಮ್ಮ ಜೊತೆ ಪಕ್ಕದಲ್ಲಿ ನಿಂತಿದ್ದ ಗೋಗಿಯ ಇನ್ನೊಂದು ಆಟೊ ಹತ್ತಿದರು. ವಿಶ್ವರಾಧ್ಯನ ಗಾಡಿಯಲ್ಲಿ ಅವನ ಕಾಯ್ದೆ ಒಂದೇ ಕೂತಿತ್ತು.